ಒಮ್ಮತಕ್ಕೆ ಮುನ್ನ ಒಗ್ಗಟ್ಟು: ದಕ್ಷಿಣ ಭಾರತ ಸಭೆಯ ವಿಶ್ವಾಸದ ನೆಲೆ

ಸಿ.ಎಸ್.ಐ. ಎಂದೇ ನಮ್ಮ ಊರುಗಳಲ್ಲಿ ಪರಿಚಿತವಾದ ದಕ್ಷಿಣ ಭಾರತ ಸಭೆ ಏನನ್ನು ನಂಬುತ್ತದೆ ಎಂದು ತಿಳಿಯಲು ಅದರ ಸಂವಿಧಾನವನ್ನು ತೆರೆದವರಿಗೆ ಮೊದಲು ಆಗುವುದು ನಿರಾಶೆ. ಲೂಥರನ್ನರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲಿ 28 ವಿಧಿಗಳಿವೆ, ಇಂಗ್ಲೆಂಡಿನ ಸಭೆಗೆ 39 ವಿಧಿಗಳಿವೆ, ಪ್ರೆಸ್ಬಿಟೇರಿಯನ್ನರ ವೆಸ್ಟ್‌ಮಿನ್‌ಸ್ಟರ್ ಪ್ರಕಟಣೆ 33 ಅಧ್ಯಾಯಗಳಷ್ಟು ಉದ್ದವಿದೆ. ಇವುಗಳ ಪಕ್ಕದಲ್ಲಿಟ್ಟರೆ ಸಿ.ಎಸ್.ಐ.ಯ ವಿಶ್ವಾಸದ ಹೇಳಿಕೆ ತೀರಾ ಚಿಕ್ಕದು. ತಂದೆ, ಮಗ, ಪವಿತ್ರಾತ್ಮನಾದ ತ್ರಿಯೇಕ ದೇವರು, ಯೇಸು ಕ್ರಿಸ್ತನಲ್ಲಿ ರಕ್ಷಣೆ, ಬೈಬಲು, ಎರಡು ಪುರಾತನ ವಿಶ್ವಾಸ ಪ್ರಮಾಣಗಳು, ಎರಡು ಸಂಸ್ಕಾರಗಳು, ಬಿಷಪ್ ಪದ್ಧತಿ: ಅಲ್ಲಿಗೆ ಮುಗಿಯಿತು. ಕ್ರೈಸ್ತ ದೇವಶಾಸ್ತ್ರಜ್ಞರು ಶತಮಾನಗಳ ಕಾಲ ಜಗಳವಾಡಿದ ಪೂರ್ವನಿರ್ಣಯ (ಯಾರು ರಕ್ಷಣೆ ಹೊಂದುವರೆಂದು ದೇವರು ಮೊದಲೇ ಗೊತ್ತುಮಾಡಿದ್ದಾನೆಂಬ ಬೋಧನೆ), ಪವಿತ್ರ ಭೋಜನದಲ್ಲಿ ಕ್ರಿಸ್ತನ ಇರವಿನ ಬಗೆ, ಬಿಷಪ್ ಇಲ್ಲದೆ ಸಭೆ ಉಂಟೇ ಇಲ್ಲವೇ ಎಂಬ ಪ್ರಶ್ನೆಗಳ ಬಗ್ಗೆ ಅದು ಯಾವ ತೀರ್ಪನ್ನೂ ಕೊಡುವುದಿಲ್ಲ. ಈ ಮಿತಮಾತನ್ನು ರಾಜಿಯ ಫಲ ಎಂದು ಕರೆಯುವುದು ರೂಢಿ. ರಾಜಿ ಇತ್ತು, ನಿಜ. ಆದರೆ ಆ ಸಂಧಾನದ ಇತಿಹಾಸವನ್ನು ಅದರ ವಿವರಗಳಲ್ಲಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಎಲ್ಲದರಲ್ಲೂ ಒಮ್ಮತವಾದ ಮೇಲೆ ಒಂದಾಗಬೇಕು ಎಂಬ ಯುರೋಪಿನ ಕ್ರಮವನ್ನು ಈ ಸಭೆ ತಿಳಿದೇ ತಲೆಕೆಳಗು ಮಾಡಿತು. ಆ ತಲೆಕೆಳಗು ಮಾಡಿದ್ದೇ ಅದರ ಮುಖ್ಯ ಸಿದ್ಧಾಂತ ಎಂಬುದು ಈ ಲೇಖನದ ವಾದ.

ವಾದಕ್ಕೆ ಮೊದಲ ಆಧಾರ ದೇವಶಾಸ್ತ್ರದ ಗ್ರಂಥಗಳಲ್ಲಿಲ್ಲ, ಭೂಪಟದಲ್ಲಿದೆ. 19ನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಪ್ರೊಟೆಸ್ಟೆಂಟ್ ಮಿಷನ್‌ಗಳು ಬಹುಮಟ್ಟಿಗೆ ಸೀಮೆ ಹಂಚಿಕೊಂಡು ಕೆಲಸ ಮಾಡಿದವು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್, ಮೈಸೂರು, ತುಮಕೂರು, ಗುಬ್ಬಿಗಳಲ್ಲಿ ವೆಸ್ಲಿಯನ್ ಮೆಥೋಡಿಸ್ಟರು, ಮಂಗಳೂರಿನಲ್ಲಿ 1834ರಿಂದ, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್. ಗುಬ್ಬಿಯಲ್ಲಿ ದೀಕ್ಷಾಸ್ನಾನ ಪಡೆದವನು ಮೆಥೋಡಿಸ್ಟನಾದದ್ದು ಜಾನ್ ವೆಸ್ಲಿಯ ಬೋಧನೆಯನ್ನು ತೂಗಿನೋಡಿ ಅಲ್ಲ. ಅವನ ಊರು ಯಾರ ಸರಹದ್ದಿಗೆ ಸೇರಿತ್ತೋ ಆ ಪಂಗಡ ಅವನದಾಯಿತು. ಬೆಟಗೇರಿಯಲ್ಲಿ ಹುಟ್ಟಿದ್ದರೆ ಅದೇ ಮನುಷ್ಯ ಬಾಸೆಲ್ ಸಭೆಯವನಾಗಿರುತ್ತಿದ್ದ. ಇಬ್ಬರೂ ಓದುತ್ತಿದ್ದದ್ದು ಕನ್ನಡ ಬೈಬಲನ್ನೇ. ಬಳ್ಳಾರಿಯ ಲಂಡನ್ ಮಿಷನ್ನಿನವರು 1831ರಲ್ಲಿ ಪೂರೈಸಿದ ಅನುವಾದವನ್ನು ಮುಂದೆ ಪರಿಷ್ಕರಿಸುವ ಕೆಲಸದಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆಯಂಥವರು ಕೈಜೋಡಿಸಿದ್ದರು. ಒಂದು ಸಭೆ ಹುಟ್ಟುವುದಕ್ಕೆ ನೂರು ವರ್ಷ ಮುಂಚೆಯೇ ಒಂದು ಗ್ರಂಥವಿತ್ತು ಎನ್ನಬಹುದು. ದಕ್ಷಿಣದ ಉಳಿದ ಭಾಷಾ ಸೀಮೆಗಳಲ್ಲೂ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ 33 ಮಂದಿ ಸಭಾಪಾಲಕರು ಈ ಸಂಗತಿಯನ್ನೇ ತಮ್ಮ ಹೇಳಿಕೆಯ ಬುನಾದಿ ಮಾಡಿಕೊಂಡರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಮುಂದಾಳು ವಿ. ಎಸ್. ಅಜರಯ್ಯ, 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದವರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಈ ಒಡಕುಗಳನ್ನು ನಾವು ಮಾಡಿಕೊಂಡದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದವು, ಇವು ಮುಂದುವರಿಯುವುದು ನಮಗೆ ಬೇಡ ಎಂಬುದು ಅವರ ಮಾತಿನ ತಿರುಳು. ಒಂದಾಗಲು ಅವರು ಮುಂದಿಟ್ಟ ನಾಲ್ಕು ಅಂಶಗಳು ಹೊಸವೇನೂ ಅಲ್ಲ, 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪರು ಒಪ್ಪಿದ್ದವೇ: ಬೈಬಲು, ಅಪೊಸ್ತಲರ ಮತ್ತು ನೈಸೀಯ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಪವಿತ್ರ ಭೋಜನ, ಆಯಾ ನಾಡಿಗೆ ಹೊಂದಿಸಿಕೊಂಡ ಐತಿಹಾಸಿಕ ಬಿಷಪ್ ಪದ್ಧತಿ. ಲ್ಯಾಂಬೆತ್ ಅಂಶಗಳನ್ನು ಇಂಗ್ಲೆಂಡು ಮಾತುಕತೆಯ ಷರತ್ತಾಗಿ ಇಟ್ಟಿತ್ತು. ತರಂಗಂಬಾಡಿ ಅವನ್ನೇ ಹೊರಡುವ ದಾರಿಯನ್ನಾಗಿ ಮಾಡಿಕೊಂಡಿತು. ಅಂಶಗಳು ಅವೇ, ಉದ್ದೇಶ ಬೇರೆ.

ಮುಂದಿನ 28 ವರ್ಷಗಳ ಮಾತುಕತೆಯಲ್ಲಿ ಮೊದಲ ಮೂರು ಅಂಶಗಳಿಗೆ ಹಿಡಿದ ಸಮಯ ಕಡಿಮೆ. ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಷನಲ್ ಪಂಗಡದವರು 1908ರಲ್ಲೇ ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾಗಿದ್ದರು. ಅವರ ಮತ್ತು ಆಂಗ್ಲಿಕನ್ನರ ಮಾತುಕತೆಗೆ ಮೆಥೋಡಿಸ್ಟರು 1925ರಲ್ಲಿ ಬಂದು ಸೇರಿದರು. 1929ರಲ್ಲಿ ಮೊದಲ ಯೋಜನೆ ಪ್ರಕಟವಾಯಿತು. ನಿಜವಾದ ಜಗ್ಗಾಟ ನಡೆದದ್ದು ಯಾರು ಯಾರ ತಲೆಯ ಮೇಲೆ ಕೈಯಿಟ್ಟು ಸಭಾಪಾಲಕನನ್ನಾಗಿ ಮಾಡಬೇಕು ಎಂಬುದರ ಮೇಲೆ. ಅಪೊಸ್ತಲರಿಂದ ಬಂದ ಬಿಷಪ್ ಪರಂಪರೆಯ ಕೈಯಿಂದ ಅಭಿಷೇಕವಾಗದವನು ಸಂಸ್ಕಾರ ನಡೆಸಲು ಅರ್ಹನಲ್ಲ ಎಂಬುದು ಆಂಗ್ಲಿಕನ್ನರಲ್ಲಿ ಒಂದು ಗುಂಪಿನ ಪಟ್ಟು. ಅಭಿಷೇಕವೇ ಇಲ್ಲದ ಸಾಮಾನ್ಯ ವಿಶ್ವಾಸಿಯೂ ಸಭೆಯ ಅನುಮತಿಯಿಂದ ಪವಿತ್ರ ಭೋಜನ ನಡೆಸಬಹುದು ಎಂಬುದು ಕಾಂಗ್ರಿಗೇಷನಲ್ ಪರಂಪರೆಯವರ ನಿಲುವು. ಇವೆರಡರ ನಡುವೆ ಮಧ್ಯಬಿಂದು ಹುಡುಕುವುದು ಲೆಕ್ಕದಲ್ಲೂ ಸಾಧ್ಯವಿರಲಿಲ್ಲ. ಕೊನೆಗೆ ಸಿಕ್ಕ ಪರಿಹಾರ ಮಧ್ಯಬಿಂದುವಲ್ಲ. ಐತಿಹಾಸಿಕ ಬಿಷಪ್ ಪದ್ಧತಿಯನ್ನು ಸಂವಿಧಾನಕ್ಕೆ ಬದ್ಧವಾದ ರೂಪದಲ್ಲಿ ಒಪ್ಪಿಕೊಳ್ಳುವುದು, ಆದರೆ ಅದರ ಅರ್ಥ ಇದೇ ಎಂದು ಯಾವ ವ್ಯಾಖ್ಯಾನಕ್ಕೂ ಸಭೆಯನ್ನು ಕಟ್ಟಿಹಾಕದಿರುವುದು. ಹೊಸ ಅಭಿಷೇಕಗಳೆಲ್ಲ ಬಿಷಪರ ಕೈಯಿಂದ. ಹಳಬರಿಗೆ ಮರು ಅಭಿಷೇಕವಿಲ್ಲ, ಎಲ್ಲ ಪಂಗಡಗಳ ಸಭಾಪಾಲಕರೂ ಇದ್ದಂತೆಯೇ ಸಭಾಪಾಲಕರು. ಒಂದು ಸಭೆಯ ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಅದರ ಮೇಲೆ ಹೇರುವುದಿಲ್ಲ ಎಂಬ ವಾಗ್ದಾನ ಬೇರೆ. ಎರಡು ಬಗೆಯ ಅಭಿಷೇಕದವರು ಹೀಗೆ ಕೂಡಿ ಬೆಳೆಯಲು 30 ವರ್ಷಗಳ ಅವಧಿಯನ್ನೂ ಗೊತ್ತುಮಾಡಲಾಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ತಿರುವಾಂಕೂರು-ಕೊಚ್ಚಿಯ ಬಿಷಪ್ ಸಿ. ಕೆ. ಜೇಕಬ್ ಅವರ ಅಧ್ಯಕ್ಷತೆಯಲ್ಲಿ ಸಭೆ ಉದ್ಘಾಟನೆಯಾದಾಗ ಸದಸ್ಯರ ಸಂಖ್ಯೆ ಸುಮಾರು 10 ಲಕ್ಷ, ಬಿಷಪರ ಆಡಳಿತ ಪ್ರಾಂತಗಳಾದ ಡಯಾಸಿಸ್‌ಗಳು 14. ಅವುಗಳಲ್ಲಿ ಮೈಸೂರು ಒಂದು.

ವಿಶ್ವಾಸ ಪ್ರಮಾಣಗಳ ವಿಷಯದಲ್ಲೂ ಇದೇ ಬುದ್ಧಿ ಕೆಲಸ ಮಾಡಿದೆ. ಐಕ್ಯದ ಆಧಾರಕ್ಕೆ ಜೋಡಿಸಿದ ಒಂದು ಟಿಪ್ಪಣಿ ಹೇಳುವುದಿಷ್ಟು: ಪ್ರಮಾಣಗಳಲ್ಲಿರುವ ಮೂಲಸತ್ಯಗಳು ಒಂದಾಗಲು ಸಾಕು, ಪ್ರತಿಯೊಬ್ಬ ಸದಸ್ಯನೂ ಅದರ ಪ್ರತಿ ಪದ, ಪ್ರತಿ ಪದಪುಂಜಕ್ಕೆ ಸಮ್ಮತಿಸಬೇಕೆಂದು ಕೇಳುವುದಿಲ್ಲ, ವಿವೇಚನೆಯಿಂದ ಅರ್ಥೈಸುವ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದಿಲ್ಲ. ಬಿಷಪ್ ಪರಂಪರೆಗೆ ಪಟ್ಟು ಹಿಡಿದಿದ್ದ ಇಂಗ್ಲೆಂಡಿನ ಆಂಗ್ಲೋ-ಕ್ಯಾಥೊಲಿಕ್ ಗುಂಪನ್ನು ಇದು ಕೆರಳಿಸಿತು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಿಗೆಯನ್ನೇ ಬರೆದರು. ಕನ್ನಡದ ನವ್ಯರು ಅಷ್ಟೊಂದು ಓದಿದ ಕವಿಯ ಈ ಬರಹ ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ. ಅವರ ಆಕ್ಷೇಪ ಹಗುರವಾದುದಲ್ಲ. ಒಂದೇ ಮಾತಿನ ಕೆಳಗೆ ಎರಡು ವಿರುದ್ಧ ಅರ್ಥಗಳನ್ನು ಅಡಗಿಸಿ ಅದನ್ನು ಐಕ್ಯ ಎಂದು ಕರೆಯುವುದು ಆತ್ಮವಂಚನೆ, ಅದರಿಂದ ಇಂಗ್ಲೆಂಡಿನ ಸಭೆಯೇ ಒಡೆದೀತು ಎಂಬ ಧಾಟಿಯ ವಾದವದು. ಇದಕ್ಕೆ ಉತ್ತರ ಅವರ ಸಭೆಯ ಇತಿಹಾಸದಲ್ಲೇ ಇದೆ. ಬಿಷಪ್ ಪದ್ಧತಿ ಸಭೆಯ ಜೀವಾಳವೇ, ಅನುಕೂಲದ ವ್ಯವಸ್ಥೆಯೇ ಎಂಬುದರ ಬಗ್ಗೆ ಇಂಗ್ಲೆಂಡಿನ ಆಂಗ್ಲಿಕನ್ನರಲ್ಲೇ ಎಂದೂ ಒಮ್ಮತವಿರಲಿಲ್ಲ. ಹಾಗಿದ್ದೂ ಅವರು ಒಂದೇ ಸಭೆಯಲ್ಲಿ ಒಂದೇ ಬಿಷಪರ ಕೆಳಗೆ ಇದ್ದರು. ಅಲ್ಲಿ ರೂಢಿಯಾಗಿ ಸಲ್ಲುವುದು ಇಲ್ಲಿ ಬರೆದಿಟ್ಟ ಮಾತ್ರಕ್ಕೆ ವಂಚನೆಯಾಗುವುದು ಹೇಗೆ? 1955ರಲ್ಲಿ ಕ್ಯಾಂಟರ್ಬರಿ ಮತ್ತು ಯಾರ್ಕ್‌ನ ಧರ್ಮಸಭೆಗಳು ಸಿ.ಎಸ್.ಐ.ನಲ್ಲಿ ಆದ ಅಭಿಷೇಕಗಳನ್ನು ಸಿಂಧುವೆಂದು ಒಪ್ಪಿದವು. ಇಂಗ್ಲೆಂಡಿನ ಸಭೆ ಒಡೆಯಲೂ ಇಲ್ಲ.

ಲೂಥರನ್ನರ ಆಕ್ಷೇಪ ಇದಕ್ಕಿಂತ ಆಳವಾದುದು. ಅವರ ಲೆಕ್ಕದಲ್ಲಿ ಬಿಷಪ್ ಇರಲಿ ಬಿಡಲಿ, ಸುವಾರ್ತೆಯ ಬೋಧನೆ ಏನೆಂದು ಸ್ಪಷ್ಟವಾಗಿ ಒಪ್ಪದೆ ಒಂದಾಗುವುದೇ ತಪ್ಪು. ಸಿ.ಎಸ್.ಐ. ಮತ್ತು ಲೂಥರನ್ ಸಭೆಗಳ ನಡುವೆ 1948ರಿಂದ ವರ್ಷಗಟ್ಟಲೆ ಚರ್ಚೆ ನಡೆಯಿತು, ಧರ್ಮಶಾಸ್ತ್ರ ಮತ್ತು ಸುವಾರ್ತೆಯ ಸಂಬಂಧ, ಪವಿತ್ರ ಭೋಜನದಂಥ ವಿಷಯಗಳಲ್ಲಿ ಒಮ್ಮತದ ಹೇಳಿಕೆಗಳೂ ಬಂದವು. ಐಕ್ಯ ಮಾತ್ರ ಆಗಲಿಲ್ಲ. ನನಗೆ ಇದು ಈ ಲೇಖನದ ವಾದಕ್ಕೆ ಸಿಗಬಹುದಾದ ಅತ್ಯಂತ ಬಲವಾದ ಪುರಾವೆ ಎನಿಸುತ್ತದೆ. ಒಮ್ಮತ ಸಾಧಿಸಿದವರು ಒಂದಾಗಲಿಲ್ಲ. ಒಮ್ಮತ ಪೂರ್ತಿಯಾಗದವರು ಒಂದಾಗಿ ಆಗಲೇ ಒಟ್ಟಿಗೆ ಪ್ರಾರ್ಥಿಸುತ್ತಿದ್ದರು. ಹಾಗಾದರೆ ಸಿ.ಎಸ್.ಐ.ಗೆ ಬೋಧನೆಯೇ ಇಲ್ಲವೆ ಎಂದರೆ, ಇದೆ, ಅದನ್ನು ಹುಡುಕಬೇಕಾದ್ದು ಆರಾಧನಾ ಕ್ರಮದಲ್ಲಿ. 1950ರಲ್ಲಿ ಹೊರಬಂದ ಪವಿತ್ರ ಭೋಜನದ ಕ್ರಮ ಯಾವ ಒಂದು ಪಂಗಡದ ಹಳೆಯ ಪುಸ್ತಕದ ನಕಲೂ ಅಲ್ಲ. ಸಭಾಪಾಲಕ ಬೆನ್ನು ತೋರಿಸದೆ ಮೇಜಿನ ಹಿಂದೆ ಜನರತ್ತ ಮುಖಮಾಡಿ ನಿಲ್ಲುತ್ತಾನೆ. ಹಳೆಯ ಒಡಂಬಡಿಕೆ, ಅಪೊಸ್ತಲರ ಪತ್ರಿಕೆ, ಸುವಾರ್ತೆ ಮೂರರಿಂದಲೂ ವಾಚನವಿದೆ. ಕೇರಳದ ಸಿರಿಯನ್ ಕ್ರೈಸ್ತರ ರೂಢಿಯಿಂದ ಬಂದ ಸಮಾಧಾನದ ವಿನಿಮಯ ಅಂಗೈಯಿಂದ ಅಂಗೈಗೆ ಪೀಠದಿಂದ ಕೊನೆಯ ಸಾಲಿನವರೆಗೆ ಸಾಗುತ್ತದೆ. ರಕ್ಷಣೆ ಎಂಬುದು ಒಂಟಿ ಆತ್ಮದ ವ್ಯವಹಾರವಲ್ಲ, ಪಕ್ಕದವನ ಕೈ ಹಿಡಿಯದೆ ರೊಟ್ಟಿ ಸಿಗುವುದಿಲ್ಲ ಎಂಬ ಬೋಧನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವಿಧಿಯಲ್ಲಿ ಬರೆಯಬಹುದಿತ್ತು?

ಆ ಪಕ್ಕದವನು ಯಾರು ಎಂಬ ಪ್ರಶ್ನೆಯಲ್ಲೇ ಈ ಸಭೆ ಎಡವಿದೆ. ತರಂಗಂಬಾಡಿಯವರು ಹೊರಗಿನಿಂದ ಬಂದ ಒಡಕನ್ನು ಕಂಡಷ್ಟು ತೀಕ್ಷ್ಣವಾಗಿ ಒಳಗಿನ ಒಡಕಾದ ಜಾತಿಯನ್ನು ನೋಡಲಿಲ್ಲ. 1981ರಲ್ಲಿ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸದಿಂದ ಮೊದಲಾದ ದಲಿತ ದೇವಶಾಸ್ತ್ರ, ದಲಿತರೇ ದೊಡ್ಡ ಸಂಖ್ಯೆಯಲ್ಲಿರುವ ಸಭೆಗಳ ದೇವಶಾಸ್ತ್ರ ಮೇಲ್ಜಾತಿಯವರ ತತ್ವಭಾಷೆಯಲ್ಲಿ ಮಾತಾಡುತ್ತಿದೆ ಎಂದು ನೇರವಾಗಿ ಹೇಳಿತು. ಈ ಟೀಕೆಯನ್ನು ಒಪ್ಪಲೇಬೇಕು. ಆದರೆ ಉದ್ದದ ವಿಶ್ವಾಸ ಪ್ರಕಟಣೆ ಇದ್ದಿದ್ದರೆ ಈ ಕೊರತೆ ತುಂಬುತ್ತಿತ್ತು ಎಂದು ವಾದಿಸುವುದು ಕಷ್ಟ. ವಿಧಿಗಳ ಸಾಲು ಸಾಲು ಇದ್ದ ಪಂಗಡಗಳಲ್ಲೂ ಬೆಂಚುಗಳು ಜಾತಿಯ ಪ್ರಕಾರ ಹಂಚಿಹೋಗಿದ್ದವು.

ಅರ್ಥವನ್ನು ತೆರೆದಿಟ್ಟದ್ದರ ಪರಿಣಾಮ ಬೇರೆ ಕಡೆಯೂ ಕಂಡಿತು. 1947ರಲ್ಲಿ ಹೊರಗುಳಿದ ಧಾರವಾಡ, ಹುಬ್ಬಳ್ಳಿ ಕಡೆಯ ಬಾಸೆಲ್ ಸಭೆಗಳು 1960ರ ದಶಕದ ಕೊನೆಗೆ ಒಳಗೆ ಬಂದವು. ತಮ್ಮ ಹಳೆಯ ನಂಬಿಕೆಯನ್ನು ತಳ್ಳಿಹಾಕಬೇಕಾದ ಪ್ರಸಂಗ ಅವರಿಗೆ ಬರಲಿಲ್ಲ. 1976ರಲ್ಲಿ ಸ್ತ್ರೀಯರಿಗೆ ಸಭಾಪಾಲಕ ಅಭಿಷೇಕ ಆರಂಭವಾದಾಗಲೂ ವಿಶ್ವಾಸದ ಮೂಲ ಹೇಳಿಕೆಯನ್ನು ತಿದ್ದಬೇಕಾಗಲಿಲ್ಲ. ಹಾಗಾದರೆ ಸಭೆಯ ಆಡಳಿತ ಮಂಡಳಿಯಾದ ಸಿನಡ್‌ನಲ್ಲಿ ಬಹುಮತವಿದ್ದವರು ಏನು ಬೇಕಾದರೂ ಮಾಡಬಹುದಲ್ಲ ಎಂದು ಕೇಳಬಹುದು. ಬಿಷಪ್ ಆಯ್ಕೆಗಳು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನೋಡಿದವರಿಗೆ ಆ ಭಯ ಸಹಜ. ಬಿಷಪರನ್ನು ಸಂವಿಧಾನದ, ಚುನಾವಣೆಯ ಚೌಕಟ್ಟಿನೊಳಗೆ ತಂದದ್ದರ ಬೆಲೆ ಅದು. ಆದರೂ ಬೈಬಲು, ಪ್ರಮಾಣಗಳು, ಸಂಸ್ಕಾರಗಳು ಯಾವ ಚುನಾವಣೆಯ ವಿಷಯವೂ ಆಗಿಲ್ಲ, ಜಗಳವೆಲ್ಲ ಅಧಿಕಾರ ಮತ್ತು ಆಸ್ತಿಯ ಸುತ್ತ. ಸಿದ್ಧಾಂತದ ಪ್ರಶ್ನೆಯಲ್ಲಿ ಕಾಲ ಏನು ಮಾಡಿತು ಎಂಬುದಕ್ಕೆ ಆಂಧ್ರದ ನಂದ್ಯಾಲದ ಕತೆ ಇದೆ. ಬಿಷಪ್ ಪರಂಪರೆಗೆ ಭಂಗ ಬಂತೆಂದು 1947ರಲ್ಲಿ ಐಕ್ಯವನ್ನು ನಿರಾಕರಿಸಿದ ಆಂಗ್ಲಿಕನ್ನರು ಅಲ್ಲಿದ್ದರು, ಅವರಲ್ಲಿ ಬಹಳ ಮಂದಿ ದಶಕಗಳ ಕಾಲ ಹೊರಗೇ ಉಳಿದರು. 2013ರಲ್ಲಿ ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ ಆಗಿ ಇ. ಪುಷ್ಪಲಲಿತಾ ಅಭಿಷಿಕ್ತರಾದದ್ದು ಆ ನಂದ್ಯಾಲ ಡಯಾಸಿಸ್‌ಗೇ.