ಬೃಹತ್ ಶಿಲಾಸಮಾಧಿಗಳೂ ಅವುಗಳ ನೆಲವೂ

ಕರ್ನಾಟಕದ ಬಯಲುಗಳಲ್ಲಿಯೂ ಗುಡ್ಡಗಳ ಮೇಲೆಯೂ ಗುಂಡುಕಲ್ಲುಗಳನ್ನು ವೃತ್ತಾಕಾರವಾಗಿ ಇಟ್ಟು, ನಡುವೆ ಕಲ್ಲುಮಣ್ಣುಗಳನ್ನು ಒಟ್ಟಿದ ದಿಬ್ಬಗಳು ಅನೇಕ ಕಡೆ ಕಾಣಬರುತ್ತವೆ. ಕೆಲವೆಡೆ ಚಪ್ಪಡಿಗಳನ್ನು ನೆಟ್ಟು, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಕೋಣೆಗಳಿವೆ. ಅವುಗಳಲ್ಲಿ ಹಲವಕ್ಕೆ ದುಂಡಾದ ಕಿಂಡಿಯುಂಟು. ಜನರು ಇವನ್ನು ಪಾಂಡವರ ಮನೆಗಳೆಂದೋ ಮೋರಿಯರ ಮನೆಗಳೆಂದೋ ಕರೆಯುತ್ತಾರೆ. ಮೋರಿಯರು ಕುಳ್ಳರಾಗಿದ್ದರೆಂದು ಹೇಳುತ್ತಾರೆ. ವಾಸ್ತವವಾಗಿ ಇವು ಕಬ್ಬಿಣದ ಬಳಕೆಯನ್ನು ಅರಿತಿದ್ದ ಜನರು ತಮ್ಮ ಮೃತರಿಗಾಗಿ ನಿರ್ಮಿಸಿದ ರಚನೆಗಳು. ಇವುಗಳ ರಕ್ಷಣೆಯನ್ನು ಕುರಿತು ಆಲೋಚಿಸುವಾಗ ನಾವು ಸಾಮಾನ್ಯವಾಗಿ ಕಲ್ಲುಗಳನ್ನು ಮಾತ್ರ ಗಮನಿಸುತ್ತೇವೆ. ಸಮಾಧಿಯೂ ಅದರ ಸುತ್ತಣ ನೆಲವೂ ಸೇರಿ ಒಂದೇ ದಾಖಲೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

19ನೆಯ ಶತಮಾನದ ನಡುಭಾಗದಲ್ಲಿ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಜೇವರ್ಗಿ ಮೊದಲಾದ ಕಡೆಗಳಲ್ಲಿ ಇಂತಹ ದಿಬ್ಬಗಳನ್ನು ಅಗೆಯಿಸಿದನು. ಅಸ್ಥಿಗಳೂ ಮಡಕೆಗಳೂ ಕಬ್ಬಿಣದ ವಸ್ತುಗಳೂ ಯಾವ ಆಳದಲ್ಲಿ, ಯಾವ ಕ್ರಮದಲ್ಲಿ ದೊರೆತುವೆಂಬುದನ್ನು ಆತನು ಚಿತ್ರಗಳಲ್ಲಿ ದಾಖಲಿಸಿದುದು ಅಂದಿನ ಕಾಲಕ್ಕೆ ಅಪರೂಪವಾದ ಕೆಲಸ. ಐರೋಪ್ಯ ಸಮಾಧಿಗಳೊಡನೆ ಇವುಗಳಿಗಿರುವ ಹೋಲಿಕೆಯನ್ನೂ ಆತನು ಚರ್ಚಿಸಿದನು. ಆದರೆ ಇವುಗಳ ಕಾಲವನ್ನು ಖಚಿತವಾಗಿ ನಿರ್ಣಯಿಸಲು ಆಗ ಆಧಾರವಿರಲಿಲ್ಲ. ತಾನೊಂದೇ ನಿಂತ ಸಮಾಧಿಯು ತನ್ನ ಕಾಲವನ್ನು ತಾನೇ ಹೇಳಲಾರದು.

ಆ ಆಧಾರ ದೊರೆತದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ. ಅಶೋಕನ ಶಾಸನದಿಂದ ಪ್ರಸಿದ್ಧವಾದ ಆ ಸ್ಥಳದಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಉತ್ಖನನ ನಡೆಸಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿನ ಸಮಾಧಿಗಳನ್ನೂ ಬೆಟ್ಟದ ಬುಡದ ವಾಸದ ನೆಲೆಯನ್ನೂ ಒಟ್ಟಿಗೆ ಅಗೆಯಿಸಿದರು. ಸಮಾಧಿಗಳಲ್ಲಿದ್ದ ಕಪ್ಪು-ಕೆಂಪು ಬಣ್ಣದ ಮಡಕೆಗಳೇ ವಾಸದ ನೆಲೆಯ ಒಂದು ಸ್ತರದಲ್ಲಿಯೂ ದೊರೆತುವು. ಅದರ ಮೇಲಿನ ಸ್ತರದ ಮಡಕೆಗಳಿಗೆ ಪುದುಚೇರಿಯ ಬಳಿಯ ಅರಿಕಮೇಡಿನ ಮಡಕೆಗಳೊಡನೆ ಸಂಬಂಧವಿತ್ತು. ಅರಿಕಮೇಡಿನ ಕಾಲವಾದರೋ ಅಲ್ಲಿ ಸಿಕ್ಕಿದ ರೋಮನ್ ವಸ್ತುಗಳಿಂದ ತಿಳಿದಿತ್ತು. ಹೀಗೆ ಸಮಾಧಿಯಿಂದ ವಾಸದ ನೆಲೆಗೆ, ಅಲ್ಲಿಂದ ಸಮುದ್ರತೀರಕ್ಕೆ ಒಂದು ಸರಪಳಿ ಏರ್ಪಟ್ಟಿತು. ನಡುವಣ ಕೊಂಡಿಯಾದ ಆ ವಾಸದ ನೆಲೆಯು ಅದಕ್ಕೂ ಮುನ್ನ ನಾಶವಾಗಿದ್ದರೆ, ಅಲ್ಲಿನ ಸಮಾಧಿಗಳೆಲ್ಲ ಉಳಿದಿದ್ದರೂ ಈ ತೀರ್ಮಾನ ಸಾಧ್ಯವಾಗುತ್ತಿರಲಿಲ್ಲ.

ವ್ಹೀಲರ್ ಅವರು ಈ ಸಂಸ್ಕೃತಿಯ ಆರಂಭವನ್ನು ಕ್ರಿ. ಪೂ. 200ರ ಸುಮಾರಿಗೆ ಇರಿಸಿದ್ದರು. 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರಾ ತೀರದ ಹಳ್ಳೂರಿನಲ್ಲಿ ನಡೆಸಿದ ಉತ್ಖನನದಿಂದ, ಇಲ್ಲಿ ಕಬ್ಬಿಣದ ಬಳಕೆಯು ಕ್ರಿ. ಪೂ. 1000ದಷ್ಟು ಹಿಂದಕ್ಕೆ ಹೋಗುವುದೆಂದು ತಿಳಿದುಬಂದಿತು. ಈ ತಿದ್ದುಪಡಿಯೂ ಸಾಧ್ಯವಾದದ್ದು ಕೆಡದೆ ಉಳಿದಿದ್ದ ಮತ್ತೊಂದು ವಾಸದ ನೆಲೆಯಿಂದಲೇ ಎಂಬುದು ಗಮನಾರ್ಹ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಈ ಮಾತು ಕಣ್ಣಿಗೇ ಕಾಣುವಂತಿದೆ. ಅಲ್ಲಿ ಬೆಟ್ಟದ ಮೇಲೆ ಸುಮಾರು 400 ರಚನೆಗಳಿವೆ. ಅವುಗಳ ನಡುವೆ ನೀರಿನ ಹೊಂಡವಿದೆ. ಸಮೀಪದಲ್ಲಿ ಬಣ್ಣದ ಚಿತ್ರಗಳುಳ್ಳ ಕಲ್ಲಾಸರೆಗಳಿವೆ. ಬಂಡೆಯ ಮೇಲೆ ನಗಾರಿಯ ಆಕಾರದ ಬೃಹತ್ ಕಲ್ಲೊಂದಿದೆ. 2021ರಲ್ಲಿ ಈ ಸ್ಥಳವು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇವುಗಳಲ್ಲಿ ಒಂದನ್ನು ಉಳಿಸಿ ಮತ್ತೊಂದನ್ನು ಕಳೆದುಕೊಂಡರೆ ಉಳಿದುದರ ಅರ್ಥವೂ ಕುಂದುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆಯೇ ಸಮಾಧಿ ದಿಬ್ಬಗಳನ್ನು ಸ್ಮಾರಕಗಳ ಸಾಲಿಗೆ ಸೇರಿಸಿತ್ತು. 1958ರ ಕೇಂದ್ರ ಕಾಯಿದೆಯೂ 1961ರ ರಾಜ್ಯ ಕಾಯಿದೆಯೂ ಅದನ್ನು ಮುಂದುವರಿಸಿದುವು. 2010ರ ತಿದ್ದುಪಡಿಯು ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಕಾಯಿದೆಯಲ್ಲಿಯೇ ವಿಧಿಸಿತು. ಆದರೆ ಈ ರಕ್ಷಣೆ ಸಲ್ಲುವುದು ಘೋಷಿತವಾದ ಸ್ಥಳಗಳಿಗೆ ಮಾತ್ರ. ಘೋಷಣೆಯಾಗದ ಶಿಲಾವೃತ್ತಗಳು ಹೊಲಗಳಲ್ಲಿಯೂ ಗೋಮಾಳಗಳಲ್ಲಿಯೂ ಹರಡಿವೆ. ಅವುಗಳನ್ನು ನಿಧಿಯ ಆಸೆಯವರು ಅಗೆಯುತ್ತಾರೆ, ಕಲ್ಲುಗಣಿಯವರು ಒಡೆಯುತ್ತಾರೆ, ಉಳುಮೆಗೆ ಅಡ್ಡಿಯೆಂದು ರೈತನು ಕಲ್ಲುಗಳನ್ನು ಬದುವಿಗೆ ಸರಿಸುತ್ತಾನೆ. ಈ ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಎರಡೆಕರೆಯ ಒಡೆಯನಿಗೆ ಹತ್ತು ಗುಂಟೆ ನೆಲವನ್ನು ಬೀಳು ಬಿಡುವುದು ದೊಡ್ಡ ನಷ್ಟ. ಪರಿಹಾರವಿಲ್ಲದೆ ಅದನ್ನು ಅವನಿಂದ ನಿರೀಕ್ಷಿಸಲಾಗದು.

ಘೋಷಣೆಗೂ ಪರಿಹಾರಕ್ಕೂ ಮೊದಲು ಬೇಕಾದದ್ದು ಪಟ್ಟಿ. ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವೂ ತನ್ನ ತಾಲ್ಲೂಕಿನ ಸಮಾಧಿ ನೆಲೆಗಳನ್ನು ನೋಡಿ, ಗ್ರಾಮ, ಸರ್ವೆ ನಂಬರು, ವೃತ್ತದ ವ್ಯಾಸ, ಸಮೀಪದ ಕೆರೆ, ಗುಡ್ಡ, ಹಾಳೂರು ಇವುಗಳನ್ನು ಬರೆದಿಡಬಹುದು. ಇದಕ್ಕೆ ಅಗೆತ ಬೇಕಿಲ್ಲ, ಅಗೆಯಲೂ ಕೂಡದು. ಅಳತೆಯ ಟೇಪು, ದಿಕ್ಸೂಚಿ, ಗ್ರಾಮನಕ್ಷೆಗಳೇ ಸಾಕು. ಹಾಳೂರಿನ ಬೂದುಮಣ್ಣನ್ನೂ ಮಡಕೆಯ ಚೂರುಗಳನ್ನೂ ಬಿಟ್ಟು ಕಲ್ಲುಗಳನ್ನಷ್ಟೇ ಎಣಿಸಿದ ಪಟ್ಟಿ ಅರೆಪಟ್ಟಿಯೇ ಸರಿ. ಇಂತಹ ಪಟ್ಟಿಯು ಪ್ರಾಚ್ಯವಸ್ತು ಇಲಾಖೆಗೂ ಕಂದಾಯ ಕಚೇರಿಗೂ ತಲುಪಿದರೆ, ಗಣಿಗೆ ಅನುಮತಿ ಕೊಡುವ ಮುನ್ನ ನೋಡಬೇಕಾದ ಕಾಗದವೊಂದಾದರೂ ಇದ್ದಂತಾಗುತ್ತದೆ. ಬರೆದು ಹೋಗದ ಜನರ ಚರಿತ್ರೆಗೆ ನೆಲವೇ ಗ್ರಂಥ. ಅದರ ಹಾಳೆಗಳನ್ನು ಮತ್ತೆ ಮುದ್ರಿಸಲು ಬಾರದು.