ಕಪ್ಪೇ ಇಲ್ಲದ ಫೈನಲ್

ಫುಟ್‌ಬಾಲ್ ಅಂದ್ರೆ ನಮಗೆಲ್ಲ ಮೆಸ್ಸಿ, ರೊನಾಲ್ಡೊ. ಕೆನಡಾದಲ್ಲಿ ಮಾತ್ರ ಇದೇ ಹೆಸರಿನ ಇನ್ನೊಂದು ಆಟವಿದೆ. ಮೊಟ್ಟೆಯಾಕಾರದ ಚೆಂಡು, ಕೈಯಲ್ಲಿ ಹಿಡಿದು ಓಡಲೂಬಹುದು, ಕಾಲಲ್ಲಿ ಒದೆಯಲೂಬಹುದು. ರಗ್ಬಿಯಿಂದ ಹುಟ್ಟಿ, ಅಮೆರಿಕದ ಫುಟ್‌ಬಾಲಿಗೆ ದಾಯಾದಿಯಾದ ಆಟ ಅದು. ಅಲ್ಲಿನ ದೊಡ್ಡ ಬಹುಮಾನ ಗ್ರೇ ಕಪ್. ಅದರ ಮೊದಲ ಸೀಸನ್ 1909.

ಕಪ್ ಕೊಟ್ಟಿದ್ದು ಆಗಿನ ಗವರ್ನರ್ ಜನರಲ್ ಅರ್ಲ್ ಗ್ರೇ. ಅವರ ಮನಸ್ಸಿದ್ದದ್ದು ಐಸ್ ಹಾಕಿಯ ಮೇಲೆ. ಆದರೆ ಮಾಂಟೆಗ್ಯು ಅಲನ್ ಆಗಲೇ ಹಾಕಿಗೆ ಒಂದು ಕಪ್ ಕೊಟ್ಟಾಗಿತ್ತು. ಹಾಗಾಗಿ ಗ್ರೇ ಸಾಹೇಬರ ಕಪ್ಪು ಕೆನಡಾದ ಹವ್ಯಾಸಿ ಫುಟ್‌ಬಾಲ್ ಚಾಂಪಿಯನ್ನರ ಪಾಲಿಗೆ ಬಂತು.

ಆ ವರ್ಷ ಟೊರಾಂಟೊ ವಿಶ್ವವಿದ್ಯಾಲಯದ ಹುಡುಗರ ತಂಡ ವಾರ್ಸಿಟಿ, ಸೆಮಿಫೈನಲ್‌ನಲ್ಲಿ ಒಟ್ಟಾವಾವನ್ನು 31–7ರಿಂದ ಸೋಲಿಸಿತು. ಫೈನಲ್‌ನಲ್ಲಿ ಎದುರಾಗಿದ್ದು ಅದೇ ಊರಿನ ಪಾರ್ಕ್‌ಡೇಲ್ ಕನೂ ಕ್ಲಬ್. 1909ರ ಡಿಸೆಂಬರ್ 4, ರೋಸ್‌ಡೇಲ್ ಮೈದಾನ, 3,807 ಪ್ರೇಕ್ಷಕರು. ವಾರ್ಸಿಟಿ 26, ಪಾರ್ಕ್‌ಡೇಲ್ 6.

ಅವತ್ತಿನ ಹೀರೋ ಹ್ಯೂ ಗಾಲ್. ಒದ್ದ ಚೆಂಡು ಎದುರಾಳಿಯ ಗೋಲ್ ಗೆರೆ ದಾಟಿ, ಅವರಿಗೆ ಅದನ್ನು ಹೊರಗೆ ತರೋಕಾಗದಿದ್ರೆ ಒದ್ದವರಿಗೆ ಒಂದು ಅಂಕ. ಅಮೆರಿಕದ ಆಟದಲ್ಲಿ ಹೀಗೆ ಒದ್ದದ್ದಕ್ಕೆ ಅಂಕವಿಲ್ಲ. ಗಾಲ್ ಒಬ್ಬರೇ ಅಂಥ ಎಂಟು ಅಂಕ ತಂದರು.

ಗೆದ್ದವರು ಕಪ್ ಎತ್ತಿ ಕುಣಿದರಾ? ಇಲ್ಲ, ಎತ್ತೋಕೆ ಕಪ್ಪೇ ಇರಲಿಲ್ಲ! ಅದನ್ನು ಮಾಡಿಸೋಕೆ ಹೊತ್ತಿಗೆ ಸರಿಯಾಗಿ ಆರ್ಡರ್ ಕೊಟ್ಟಿರಲಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತೀವಲ್ಲ, ಇಲ್ಲಿ ಕೂಸು ಹುಟ್ಟಿ ಮೂರು ತಿಂಗಳಾದರೂ ಕುಲಾವಿ ಇಲ್ಲ. 48 ಡಾಲರಿನ ಆ ಬೆಳ್ಳಿ ಕಪ್ ಬಂದಿದ್ದು 1910ರ ಮಾರ್ಚ್‌ನಲ್ಲಿ. ರಿಲೀಸ್ ಡೇಟ್ ತಪ್ಪೋದು ನಮ್ಮ ಸಾಫ್ಟ್‌ವೇರಿನವರ ಸೊತ್ತಷ್ಟೇ ಅಲ್ಲ ನೋಡಿ.

ಅಷ್ಟು ಕಾದು ಪಡೆದದ್ದನ್ನು ವಾರ್ಸಿಟಿಯವರು ಸುಲಭಕ್ಕೆ ಬಿಡಲಿಲ್ಲ. 1910, 1911ರಲ್ಲೂ ಅವರೇ ಗೆದ್ದರು. 1912ರಲ್ಲಿ ಅವರಿಲ್ಲದ ಫೈನಲ್‌ನಲ್ಲಿ ಹ್ಯಾಮಿಲ್ಟನ್ ಅಲರ್ಟ್ಸ್ ತಂಡ ಟೊರಾಂಟೊ ಆರ್ಗೊನಾಟ್ಸ್ ವಿರುದ್ಧ 11–4ರಿಂದ ಗೆದ್ದಿತು. ಆದರೆ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದವರಿಗೆ ಮಾತ್ರ ಕಪ್ ಅಂತ ವಾರ್ಸಿಟಿ ಪಟ್ಟು ಹಿಡಿಯಿತು. 1914ರ ಫೈನಲ್‌ನಲ್ಲಿ ಆರ್ಗೊನಾಟ್ಸ್ 14–2ರಿಂದ ಸೋಲಿಸಿದ ಮೇಲೇ ಅವರು ಕಪ್ ಬಿಟ್ಟುಕೊಟ್ಟಿದ್ದು.

ನನಗೆ ಈ ಹಟ ನೋಡಿ ನಗು ಬರುತ್ತೆ, ಜೊತೆಗೆ ಸ್ವಲ್ಪ ಸಂಕಟವೂ ಆಗುತ್ತೆ. ಯಾಕಂದ್ರೆ ಆ ಹುಡುಗರು ಅಷ್ಟು ಜೋಪಾನ ಮಾಡಿದ ಕಪ್ಪು ಕೊನೆಗೆ ವಿದ್ಯಾರ್ಥಿಗಳ ಕೈಗೇ ಎಟುಕದಂತಾಯಿತು. 1921ರಲ್ಲಿ ಪಶ್ಚಿಮದಿಂದ ಎಡ್ಮಂಟನ್ ತಂಡ ಮೊದಲ ಸಲ ಫೈನಲ್ ಆಡಲು ಬಂತು. 23–0ರಿಂದ ಸೋತರೂ, 'ಕೆನಡಾದ ಕಪ್' ಅನ್ನೋ ಮಾತಿಗೆ ಅರ್ಥ ಬರತೊಡಗಿದ್ದು ಆಗಲೇ. 1922ರಿಂದ 24ರವರೆಗೆ ಕ್ವೀನ್ಸ್ ವಿಶ್ವವಿದ್ಯಾಲಯ ಮೂರು ಸಲ ಗೆದ್ದಿತು. ಆಮೇಲೆ ಯಾವ ವಿಶ್ವವಿದ್ಯಾಲಯವೂ ಗೆದ್ದಿಲ್ಲ. ಈಗ ಅದು ಸಂಬಳಕ್ಕೆ ಆಡೋ ವೃತ್ತಿಪರರ ಕಪ್. 'ಹವ್ಯಾಸಿ' ಅನ್ನೋ ಮೂಲ ಷರತ್ತೇ ಮಾಯ.

ಆಟ ದೊಡ್ಡದಾದಾಗ ಅದನ್ನು ಶುರು ಮಾಡಿದವರು ಹೊರಗುಳಿಯೋದು ಹೊಸದೇನಲ್ಲ. ಆದರೂ ಗ್ರೇ ಕಪ್ ಗೆದ್ದವರ ಪಟ್ಟಿ ತೆಗೆದರೆ ಮೊದಲ ಸಾಲಿನಲ್ಲಿ ಸಿಗೋದು ವಾರ್ಸಿಟಿ ಹುಡುಗರೇ. ಇನ್ನು ಮೂರು ಸಾಲು ಕೆಳಗೆ, ಗೆದ್ದೂ ಕಪ್ ಪಡೆಯದ ಅಲರ್ಟ್ಸ್ ಇದ್ದಾರೆ.