ನಥಾನಿಯಲ್ ಹಾಥಾರ್ನ್ ಕೃತಿಗಳಲ್ಲಿ ಪ್ಯೂರಿಟನ್ ಪ್ರಭಾವ

ಅಮೆರಿಕದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ (1804–1864) ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ. ಪ್ಯೂರಿಟನ್ನರ ಚರಿತ್ರೆ ಈತನಿಗೆ ಮನೆತನದ ಚರಿತ್ರೆಯೂ ಹೌದು. ಇಂಗ್ಲೆಂಡಿನಿಂದ ವಲಸೆ ಬಂದ ಪೂರ್ವಜ ವಿಲಿಯಂ, ಕ್ವೇಕರ್ ಪಂಥದವರಿಗೆ ಚಾಟಿ ಏಟಿನ ಶಿಕ್ಷೆ ವಿಧಿಸಿದವನು. ವಿಲಿಯಂನ ಮಗ ಜಾನ್, 1692ರ ಸೇಲಂ ಮಾಟಗಾತಿ ಪ್ರಕರಣದಲ್ಲಿ ಆರೋಪಿಗಳನ್ನು ವಿಚಾರಿಸಿದ ಮ್ಯಾಜಿಸ್ಟ್ರೇಟ್. ಆ ಪ್ರಕರಣದಲ್ಲಿ 19 ಮಂದಿ ಗಲ್ಲಿಗೇರಿದರು. ‘ದಿ ಸ್ಕಾರ್ಲೆಟ್ ಲೆಟರ್’ (1850) ಕಾದಂಬರಿಯ ಪೀಠಿಕೆಯಲ್ಲಿ ಹಾಥಾರ್ನ್ ಈ ಹಿರಿಯರ ಪರವಾಗಿ ತಾನೇ ತಲೆತಗ್ಗಿಸುತ್ತಾನೆ. ಪೂರ್ವಿಕರ ಅನ್ಯಾಯ ವಂಶಕ್ಕೆ ಶಾಪವಾಗಿ ತಟ್ಟುವುದೇ ‘ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ನ (1851) ವಸ್ತು.

ಮನುಷ್ಯ ಹುಟ್ಟಾ ಪಾಪಿ, ಯಾರಿಗೆ ಮುಕ್ತಿ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂಬ ಕಾಲ್ವಿನ್ ಮತದ ತತ್ತ್ವವನ್ನು ಪ್ಯೂರಿಟನ್ನರು ಒಪ್ಪಿದ್ದರು. ತಮ್ಮ ಪಾಲಿಗೆ ಮುಕ್ತಿ ಇದೆಯೇ ಎಂದು ತಿಳಿಯಲು ಮನಸ್ಸಿನ ಮೂಲೆಮೂಲೆಯನ್ನೂ ಜಾಲಾಡುತ್ತಿದ್ದರು. ಗುಡುಗು, ಉಲ್ಕೆ, ರೋಗಗಳಲ್ಲಿ ದೈವಸೂಚನೆ ಹುಡುಕುತ್ತಿದ್ದರು. ಹಾಥಾರ್ನ್ ಈ ತತ್ತ್ವವನ್ನು ನಂಬಿದವನಲ್ಲ. ಆದರೂ ಈ ಎರಡು ಅಭ್ಯಾಸಗಳನ್ನು ಬಿಡಲಿಲ್ಲ. ಅವುಗಳ ಹಿಂದಿದ್ದ ಖಚಿತತೆಯನ್ನಷ್ಟೇ ಬಿಟ್ಟ.

‘ಸ್ಕಾರ್ಲೆಟ್ ಲೆಟರ್’ನ 12ನೆಯ ಅಧ್ಯಾಯ ಇದಕ್ಕೆ ಒಳ್ಳೆಯ ಉದಾಹರಣೆ. ವ್ಯಭಿಚಾರವನ್ನು ಮುಚ್ಚಿಟ್ಟ ಪಾದ್ರಿ ಡಿಮ್ಸ್‌ಡೇಲ್ ನಡುರಾತ್ರಿ ಶಿಕ್ಷೆಯ ಕಟ್ಟೆ ಹತ್ತಿ ನಿಂತಾಗ ಆಕಾಶದಲ್ಲಿ ಉಲ್ಕೆಯ ಬೆಳಕು ಹರಿಯುತ್ತದೆ. ಅದರಲ್ಲಿ ಆತನಿಗೆ ಕಾಣುವುದು ವ್ಯಭಿಚಾರದ (‘ಅಡಲ್ಟರಿ’) ಗುರುತಾದ ಕೆಂಪು ‘ಎ’ (A) ಅಕ್ಷರ. ಇದು ಅವನ ಮನೋರೋಗದ ಫಲ ಎನ್ನುತ್ತಾನೆ ನಿರೂಪಕ. ಆದರೆ ಬೆಳಗಾದ ಮೇಲೆ ಚರ್ಚಿನ ಸೇವಕ ಬಂದು, ಆ ಅಕ್ಷರವನ್ನು ಊರವರೂ ಕಂಡರೆಂದೂ, ಅದೇ ರಾತ್ರಿ ತೀರಿಹೋದ ಗವರ್ನರ್ ವಿಂತ್ರಾಪ್ ‘ಏಂಜೆಲ್’ (Angel, ದೇವದೂತ) ಆದದ್ದರ ಗುರುತೆಂದು ಅವರು ತಿಳಿದರೆಂದೂ ಹೇಳುತ್ತಾನೆ. ಯಾವುದು ನಿಜವೆಂದು ಲೇಖಕ ಬಾಯಿ ಬಿಡುವುದಿಲ್ಲ.

‘ಯಂಗ್ ಗುಡ್‌ಮನ್ ಬ್ರೌನ್’ (1835) ಕತೆಯಲ್ಲೂ ಇದೇ ಜಾಣತನವಿದೆ. ಊರಿನ ಸಜ್ಜನರೆಲ್ಲ ಕಾಡಿನ ಸೈತಾನಸಭೆಯಲ್ಲಿ ಸೇರಿದ್ದು ಕನಸೋ ನಿಜವೋ, ನಾಯಕನ ಬಾಳಂತೂ ಕಹಿಯಾಗುತ್ತದೆ.

ಹಾಥಾರ್ನ್ ಬರಹದ ಕತ್ತಲೆಗೆ ಕಾಲ್ವಿನ್ ಮತದ ಪಾಪಪ್ರಜ್ಞೆಯೇ ಬಲ ಕೊಟ್ಟಿತೆಂದು ಹರ್ಮನ್ ಮೆಲ್ವಿಲ್ 1850ರಲ್ಲಿ ಬರೆದ. ಇದು ಅರ್ಧ ಸತ್ಯ. ಹಾಥಾರ್ನ್ ಲೋಕದಲ್ಲಿ ವ್ಯಭಿಚಾರಕ್ಕಿಂತ ಘೋರವಾದದ್ದು, ‘ಸ್ಕಾರ್ಲೆಟ್ ಲೆಟರ್’ನಲ್ಲಿ ವಂಚಿತ ಗಂಡ ಚಿಲಿಂಗ್‌ವರ್ತ್ ವೈದ್ಯನ ಸೋಗಿನಲ್ಲಿ ಡಿಮ್ಸ್‌ಡೇಲ್‌ನ ಅಂತರಂಗವನ್ನು ಕೆದಕುವ ಕ್ರೌರ್ಯ. ಹೀಗೆ ಪ್ಯೂರಿಟನ್ನರ ಪಾಪಶೋಧನೆಯೇ ಇಲ್ಲಿ ಪಾಪವಾಗುತ್ತದೆ.

‘ದಿ ಮಾರ್ಬಲ್ ಫಾನ್’ (1860) ನಡೆಯುವುದು ಇಟಲಿಯಲ್ಲಿ. ಅಲ್ಲಿಯೂ ಪ್ಯೂರಿಟನ್ ವಂಶದ ಹುಡುಗಿ ಹಿಲ್ಡಾ, ಪರರ ಕೊಲೆಯನ್ನು ಕಣ್ಣಾರೆ ಕಂಡ ಭಾರ ತಾಳಲಾರದೆ, ತನ್ನದಲ್ಲದ ಕ್ಯಾಥೊಲಿಕ್ ಚರ್ಚಿನ ಪಾಪನಿವೇದನೆಯ ಗೂಡಿಗೆ ಹೋಗುತ್ತಾಳೆ.